ಬದುಕಿದ್ದವನಿಗೆ ಎಡೆ

ಎರಡು ಸಾವಿರದ ನೂರ ನಲವತ್ತೊಂಬತ್ತನೆಯ ಇಸವಿ, ಎರಡನೆಯ ಮಳೆಗಾಲ ಕಳೆದ ಇಪ್ಪತ್ತೊಂಬತ್ತನೆಯ ದಿನ.
‘ಕಡಲಮನೆ’ ದೋಣಿಯಿಂದ.

ಶಾಂಭವಜ್ಜಿ,

ಮೇಲೆ ಬರೆದ ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆ ಎಂದುಕೊಳ್ಳಬೇಡಿ. ನಮ್ಮಲ್ಲಿ ಮಳೆಗಾಲ ವರ್ಷಕ್ಕೆ ಎರಡು. ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಪದಗಳು ಬಂದರೆ ಕ್ಷಮಿಸಿ, ಬಂದಲ್ಲೇ ಅರ್ಥ ಹೇಳುತ್ತೇನೆ. ಈ ಕಾಗದದಲ್ಲಿ ನಾನು ಕ್ಷಮೆ ಕೇಳುವುದು ಅದೊಂದಕ್ಕೆ ಮಾತ್ರ.

ನನ್ನ ಹೆಸರು ಗುಲಾಬಿ. ನನ್ನ ಅಜ್ಜಿಗೆ ನೀವು ಅಜ್ಜಿ. ನೂರ ಇಪ್ಪತ್ತೆರಡು ವರ್ಷ ಹಿಂದಿನ ನಿಮಗೆ ಬರೆಯುತ್ತಿದ್ದೇನೆ, ನಿಮಗೀಗ ಮೂವತ್ತೊಂಬತ್ತು, ನನಗೆ ನಲವತ್ತೊಂದು. ಲೆಕ್ಕಕ್ಕೆ ನೀವೇ ನನಗಿಂತ ಚಿಕ್ಕವರು. ಆದರೂ ಅಜ್ಜಿ ಎಂದೇ ಕರೆಯುತ್ತೇನೆ, ಬೇರೆ ಹೇಗೆ ಕರೆಯಬೇಕೋ ನನಗೆ ಗೊತ್ತಿಲ್ಲ.

ಹೋದ ವರ್ಷವಷ್ಟೇ ನೀವೂ ದಿವಾಕರಜ್ಜನೂ ಗಂಗೊಳ್ಳಿಯ ಮನೆಗೆ ಬೀಗ ಹಾಕಿ, ಒಂಬತ್ತು ವರ್ಷದ ಸುಧನ್ವನನ್ನೂ ಆರು ವರ್ಷದ ಅನಘಳನ್ನೂ ಕರೆದುಕೊಂಡು ಮೂವತ್ತೆಂಟು ಅಡಿಯ ಈ ಹಾಯಿದೋಣಿ ಹತ್ತಿದ್ದೀರಿ. ಮಕ್ಕಳು ಗೋಡೆಗಳ ನಡುವೆ ಬೆಳೆಯಬಾರದು ಎಂದು ನಿಮ್ಮ ದಿನಚರಿಯ ಮೊದಲ ಪುಟದಲ್ಲಿ ಬರೆದಿದ್ದೀರಿ. ಆ ಪುಟ ನನಗೆ ಬಾಯಿಪಾಠ. ಪ್ರತಿ ಅಮಾವಾಸ್ಯೆಯ ಬೆಳಿಗ್ಗೆ ಗಂಜಿ ಉಂಡ ಮೇಲೆ ನಮ್ಮಲ್ಲಿ ನಿಮ್ಮ ದಿನಚರಿ ಓದುವುದು ಪದ್ಧತಿ. ನನ್ನನ್ನು ಹೆತ್ತ ಅಬ್ಬಿ ಸೇಸಮ್ಮ ಕನ್ನಡಕ ಏರಿಸಿಕೊಂಡು ಓದುತ್ತಾಳೆ, ನಾವು ಕೈ ಕಟ್ಟಿಕೊಂಡು ಕೇಳುತ್ತೇವೆ. ಡಾಲ್ಫಿನ್‌ಗಳು ದೋಣಿಯ ಜೊತೆ ಓಡಿದ್ದು, ಅನಘ ಚುಕ್ಕಾಣಿ ಹಿಡಿದೇ ನಿದ್ದೆ ಹೋದದ್ದು, ಹಾಯಿಯ ನೆರಳಲ್ಲಿ ನೀವು ಪತ್ರೊಡೆ ಬೇಯಿಸಿದ್ದು. ಅವೆಲ್ಲ ಸುಳ್ಳಲ್ಲ, ಅಂಥ ದಿನಗಳು ನಮಗೂ ಬಂದಿವೆ. ನನ್ನ ಮಗಳು ತುಂಗೆ ಮೊದಲ ಸಲ ಹಾರುವ ಮೀನು ನೋಡಿ ನಕ್ಕ ನಗು ಇವತ್ತಿಗೂ ಕಿವಿಯಲ್ಲಿದೆ.

ಆದರೆ ಉಳಿದದ್ದನ್ನು ನೀವು ಬರೆಯಲಿಲ್ಲ. ನಾನು ಬರೆಯುತ್ತೇನೆ, ಓದಿ. ನಡೆಯಲು ಕಲಿತ ಮಗುವಿನ ಸೊಂಟಕ್ಕೆ ನಾವು ಹಗ್ಗ ಕಟ್ಟುತ್ತೇವೆ, ಐದು ತುಂಬುವವರೆಗೆ ಬಿಚ್ಚುವುದಿಲ್ಲ. ತುಂಗೆಯ ಸೊಂಟದ ಸುತ್ತ ಆ ಗಾಯದ ಬಣ್ಣ ಇನ್ನೂ ಇದೆ. ಕುಡಿಯುವ ನೀರಿಗೆ ಇಬ್ಬನಿಬಟ್ಟೆ ಹರಡುತ್ತೇವೆ. ಇಬ್ಬನಿ ಹೀರುವ ತೆಳು ಬಟ್ಟೆ ಅದು, ಹಿಂಡಿದರೆ ನಾಲ್ಕು ಜನಕ್ಕೆ ಎರಡು ಚೆಂಬು ನೀರು. ಗಂಡ ಹೆಂಡಿರ ಜಗಳವಾದರೆ ಎದ್ದು ಹೋಗಲು ಜಾಗವಿಲ್ಲ, ಬೆನ್ನು ತಿರುಗಿಸಿ ಕೂತರೂ ಉಸಿರು ಕೇಳುತ್ತದೆ. ನನ್ನ ಗಂಡ ಶೀನ ಸಾಧು ಮನುಷ್ಯ. ಆದರೂ ಒಮ್ಮೆ ಹದಿನೇಳು ದಿನ ನಾವು ಒಂದೂ ಮಾತಾಡದೆ, ಒಂದೇ ಹಾಯಿಯ ಎರಡು ಹಗ್ಗ ಎಳೆದಿದ್ದೇವೆ.

ಇನ್ನು ನೆಲದ ವಿಷಯ. ನಿಮ್ಮ ಗಂಗೊಳ್ಳಿ ಪೇಟೆ ಈಗ ಮುಳುಗೂರು, ಅಂದರೆ ನೀರಿನಡಿಯ ಊರು. ಉಳಿದ ದಡ ಕಿರಿದು. ಹಾಗಾಗಿ ನಮ್ಮಂಥ ತೇಲುಮನೆಯವರು ವರ್ಷಕ್ಕೆ ಇಪ್ಪತ್ತೊಂದು ದಿನ ಮಾತ್ರ ದಡದಲ್ಲಿ ಇರಬಹುದು. ಅದಕ್ಕಿಂತ ಹೆಚ್ಚು ಇರಬೇಕಾದರೆ ನೆಲದ ನಂಟು ಬೇಕು. ದಡದಲ್ಲಿರುವ ರಕ್ತಸಂಬಂಧಿ ಒಬ್ಬರು ಮುಂದೆ ಬಂದು ‘ಇವಳು ನಮ್ಮವಳು’ ಎಂದು ಹೆಬ್ಬೆಟ್ಟು ಒತ್ತಬೇಕು. ಅಷ್ಟೇ ಸಾಕು, ಮತ್ತೇನೂ ಬೇಡ. ನಮಗೆ ಅಂಥ ಒಬ್ಬರೂ ಇರಲಿಲ್ಲ. ಇಲ್ಲವೆಂದು ನಂಬಿದ್ದೆವು.

ನನಗೆ ಹದಿನೆಂಟಾದಾಗ ಶಿರಸಿ ಘಟ್ಟದ ಮೇಲಿನ ಶಿಕ್ಷಕರ ಶಾಲೆಯಲ್ಲಿ ನನಗೆ ಜಾಗ ಸಿಕ್ಕಿತ್ತು. ದೋಣಿಯಲ್ಲಿ ಕೂತು ಬರೆದ ಪರೀಕ್ಷೆಯಲ್ಲಿ ಇಡೀ ಕರಾವಳಿಗೆ ನಾಲ್ಕನೆಯವಳು ನಾನು. ನೆಲದ ನಂಟು ಎಂಬ ಕಡೆ ಏನೂ ಬರೆಯಲಾಗದೆ ಅರ್ಜಿ ಹಿಂದಕ್ಕೆ ಬಂತು. ಮೂರು ದಿನ ಮುಸುಕೆಳೆದು ಮಲಗಿದ್ದೆ. ನಾಲ್ಕನೆಯ ದಿನ ಎದ್ದು ಹರಿದ ಹಾಯಿ ಹೊಲಿಯಲು ಕೂತೆ. ಅದೇ ನನ್ನ ವಿದ್ಯಾಭ್ಯಾಸ ಮುಗಿದ ದಿನ.

ಈಗ ತುಂಗೆಗೆ ಹತ್ತೊಂಬತ್ತು. ಈ ವರ್ಷ ಅವಳಿಗೂ ಅದೇ ಶಾಲೆಯಲ್ಲಿ ಜಾಗ ಸಿಕ್ಕಿತು. ನೆಲದ ನಂಟು ಇಲ್ಲವೆಂದು ಅವಳಿಗೆ ಗೊತ್ತು, ಆದರೂ ಅಳಲಿಲ್ಲ. ನನ್ನನ್ನು ನೋಡಿ, “ಬಿಡ್, ಹಾಯಿ ಹೊಲುಕೆ ಸೂಜಿ ಎಲ್ಲಿತ್ತ್?” ಎಂದಳು. ನನ್ನ ಎದೆಗೆ ಯಾರೋ ಲಂಗರು ಇಳಿಬಿಟ್ಟ ಹಾಗಾಯಿತು.

ಹನ್ನೆರಡು ದಿನದ ಹಿಂದೆ ನೀರಿಗೆಂದು ದೋಣಿಗಳು ಬಂದು ನಿಲ್ಲುವ ಹೊನ್ನಾವರದ ಹೊಸ ಧಕ್ಕೆಗೆ ಹೋದೆವು. ಮಧ್ಯಾಹ್ನ. ನಾನು ಕೊಡ ಹಿಡಿದು ಸಾಲಿನಲ್ಲಿ ನಿಂತಿದ್ದೆ. ಎಪ್ಪತ್ತರ ಹೆಂಗಸೊಬ್ಬರು ನಮ್ಮ ದೋಣಿಯ ಹೆಸರನ್ನು ಎರಡೆರಡು ಸಲ ಓದಿ ನನ್ನ ಹತ್ತಿರ ಬಂದರು. ಹೆಸರು ರಾಧಕ್ಕ, ಧಕ್ಕೆಯ ಹತ್ತಿರವೇ ಮನೆ.

“ಈ ದೋಣಿ ಗಂಗೊಳ್ಳಿಯದ್ದಾ?” ಎಂದು ಕೇಳಿದರು.

ಹೌದು ಎಂದೆ.

“ಶಾಂಭವಿ ಅಂತ ಯಾರಾದರೂ ಇದ್ದರಾ ನಿಮ್ಮಲ್ಲಿ? ನನ್ನ ಅಜ್ಜನ ತಾಯಿ. ನನ್ನ ಅಜ್ಜ ಸುಧನ್ವ.”

ನಾನು ಕೊಡ ಕೆಳಗಿಟ್ಟೆ. ಯಾಕೆಂದರೆ ನಿಮ್ಮ ದಿನಚರಿಯಲ್ಲಿ, ಸುಧನ್ವನಿಗೆ ಹದಿನಾರು ನಡೆಯುತ್ತಿದ್ದ ವರ್ಷದ ಮಾಘ ಮಾಸದಲ್ಲಿ ಒಂದು ಸಾಲಿದೆ. ಇನ್ನೂ ನೀವದನ್ನು ಬರೆದಿಲ್ಲ. ಬರೆಯುತ್ತೀರಿ. ‘ನಮ್ಮ ಮಗನನ್ನು ಸಮುದ್ರ ತೆಗೆದುಕೊಂಡಿತು.’ ಅಷ್ಟೇ. ಆ ಸಾಲಿನ ದೆಸೆಯಿಂದ ಪ್ರತಿ ಮಾಘದಲ್ಲೂ ನಾವು ಬಾಳೆಲೆಯ ತುಂಡಿನಲ್ಲಿ ಅನ್ನ, ಒಂದು ಮೀನು, ಒಂದು ಚೂರು ಬೆಲ್ಲ ಇಟ್ಟು ಅವನ ಹೆಸರು ಹೇಳಿ ನೀರಿಗೆ ಬಿಡುತ್ತೇವೆ. ನೂರ ಹದಿನಾರು ವರ್ಷ, ಅಜ್ಜಿ. ಬಾಳೆಲೆ ಸಿಗದ ವರ್ಷ ಹಾಯಿಬಟ್ಟೆಯ ಚೂರಿನಲ್ಲಿ ಇಟ್ಟಿದ್ದೇವೆ. ಅಕ್ಕಿ ಮುಗಿದಿದ್ದ ವರ್ಷ ತುಂಗೆಯ ಪಾಲಿನ ತುತ್ತು ತೆಗೆದು ಇಟ್ಟಿದ್ದೇನೆ.

ಸುಧನ್ವ ಮುಳುಗಲಿಲ್ಲ, ರಾಧಕ್ಕ ಎಲ್ಲ ಹೇಳಿದರು. ಶಾಲೆಗೆ ಹೋಗಬೇಕು, ದಡಕ್ಕೆ ಬಿಡಿ ಎಂದು ಎರಡು ವರ್ಷ ನಿಮ್ಮನ್ನು ಕೇಳಿದ. ಕಾರವಾರದ ಎದುರು ಹಾಡಹಗಲಲ್ಲಿ ದಿವಾಕರಜ್ಜ, “ಇಳಿದರೆ ನೀನು ನಮ್ಮವನಲ್ಲ” ಎಂದರು. ಅವನು ಅಂಗಿಯನ್ನು ತಲೆಗೆ ಸುತ್ತಿಕೊಂಡು ಧುಮುಕಿ, ಈಜಿ ದಡ ಸೇರಿದ. ನೀವು ನೋಡುತ್ತ ನಿಂತಿದ್ದಿರಂತೆ. ಆಮೇಲೆ ದೋಣಿ ಪಡುವಣಕ್ಕೆ ತಿರುಗಿತಂತೆ. ಅವನು ದೋಣಿ ಕಟ್ಟುವ ಬಡಗಿಯಾದ, ಮದುವೆಯಾದ, ಎಂಬತ್ತೊಂದು ವರ್ಷ ಬದುಕಿದ. ಹೊನ್ನಾವರದಲ್ಲಿ ಅವನ ಸಂತಾನ ಹದಿನಾಲ್ಕು ಜನ. ಹದಿನಾಲ್ಕು ಹೆಬ್ಬೆಟ್ಟು. ನನಗೆ ಬೇಕಾಗಿದ್ದದ್ದು ಒಂದು.

ದೋಣಿಗೆ ಮರಳಿ ಅಬ್ಬಿಗೆ ಹೇಳಿದೆ. ಅವಳು ಬೂತಾಯಿ ಮೀನು ಒಣಹಾಕುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಆಗಲೇ ನನಗೆ ಅನುಮಾನವಾಯಿತು.

“ಅಬ್ಬಿ, ನಿಂಗೆ ಗೊತ್ತಿದ್ದಿತಾ?”

ಅವಳು ಇನ್ನೆರಡು ಮೀನು ಹರವಿದಳು. ಆಮೇಲೆ ಹೇಳಿದಳು, “ಅನಘಜ್ಜಿ ಸಾಯುಕ್ ಮುಂಚೆ ನನ್ನ ಹತ್ರ ಹೇಳಿದ್ರ್. ಅಣ್ಣ ಬದ್ಕಿದ್ದ, ಯಾರತ್ರವೂ ಹೇಳ್ಬೇಡ ಅಂದ್ರ್.”

“ಗೊತ್ತಿದ್ದೂ ವರ್ಷಾ ವರ್ಷಾ ಎಡೆ ಇಟ್ಯಾ? ಗೊತ್ತಿದ್ದೂ ನನ್ನ ಅರ್ಜಿ ವಾಪಾಸ್ ಬಪ್ಪಾಗ ಸುಮ್ನೆ ಇದ್ಯಾ?”

“ನಿನ್ನಪ್ಪಯ್ಯ ತೀರಿ ಹೋಯಿ ಆಗ ಎರಡ್ ತಿಂಗ್ಳ್. ನೀನೂ ಇಳ್ದ್ ಹೋರೆ ಹಾಯಿ ಎಳುಕೆ ನಂಗ್ ಯಾರ್ ಇದ್ರ್?” ಎಂದಳು. ದನಿ ಏರಿಸಲಿಲ್ಲ. “ನಾನ್ ಒಬ್ಳೇ ಆತಿದ್ದೆ, ಗುಲಾಬಿ.”

ಮೀನಿನ ಚಾಪೆಯನ್ನೇ ಎತ್ತಿ ಸಮುದ್ರಕ್ಕೆ ಎಸೆದೆ. ಇಡೀ ಮುಂದಿನ ಮಳೆಗಾಲಕ್ಕೆಂದು ಕೂಡಿಟ್ಟ ಮೀನು. ತುಂಗೆ ಬಂದು ನನ್ನ ಕೈ ಹಿಡಿದಳು. ಅವಳ ಕೈ ಬಿಡಿಸಿಕೊಂಡೆ, ಅದಕ್ಕೆ ಈಗ ನಾಚಿಕೆಯಾಗುತ್ತದೆ. ಮಾಡದ ತಪ್ಪಿಗೆ ಅವಳ ಮೇಲೆ ಸಿಡುಕಿದೆ. ದೋಣಿಯಲ್ಲಿ ಸಿಟ್ಟು ಹಾಗೆಯೇ, ಹೋಗಲು ಎಲ್ಲೂ ದಾರಿಯಿಲ್ಲದೆ ಹತ್ತಿರ ಇದ್ದವರಿಗೆ ತಾಗುತ್ತದೆ.

ರಾಧಕ್ಕ ಮರುದಿನವೇ ಧಕ್ಕೆಯ ಕಚೇರಿಗೆ ಬಂದು ತುಂಗೆಯ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದರು. ಗುಮಾಸ್ತ ಕೇಳಿದ್ದಕ್ಕೆ, “ನಮ್ಮವಳೇ, ಮೂಗು ನೋಡಿದರೆ ಗೊತ್ತಾಗುವುದಿಲ್ಲವಾ” ಎಂದರು. ಎರಡು ನಿಮಿಷದ ಕೆಲಸ. ನನ್ನ ಇಪ್ಪತ್ತಮೂರು ವರ್ಷ ಆ ಎರಡು ನಿಮಿಷದ ಆಚೆ ಕೂತಿತ್ತು.

ನಿನ್ನೆ ತುಂಗೆ ಇಳಿದಳು. ಬೆಳಿಗ್ಗೆ ಧಕ್ಕೆಯ ಹತ್ತಿರ ಗಾಳಿ ತಿರುಗುತ್ತಿತ್ತು, ಚುಕ್ಕಾಣಿ ನನ್ನ ಹಿಡಿತಕ್ಕೆ ಸಿಗಲಿಲ್ಲ. ಆರು ವರ್ಷದಿಂದ ಚುಕ್ಕಾಣಿ ಮುಟ್ಟದ ಅಬ್ಬಿ ಎದ್ದು ಬಂದು ನನ್ನನ್ನು ಪಕ್ಕಕ್ಕೆ ಸರಿಸಿ, ದೋಣಿಯನ್ನು ಕಲ್ಲಿಗೆ ತಾಗದ ಹಾಗೆ ತಂದು ನಿಲ್ಲಿಸಿದಳು. ಮೊಮ್ಮಗಳ ತಲೆ ಮುಟ್ಟಿ, “ಮಣ್ಣಂಗೆ ನಡಿವಾಗ ಮೊದ್ಲ್ ತಲೆ ತಿರುಗತ್ತ್, ಗೋಡಿ ಹಿಡ್ಕಣ್” ಎಂದಳು. ಅಷ್ಟು ಹೇಳಿ ಒಳಗೆ ಹೋದಳು. ನಾನು ಅವಳ ಜೊತೆ ಇನ್ನೂ ಮಾತಾಡಿಲ್ಲ. ಯಾವಾಗ ಮಾತಾಡುತ್ತೇನೆ ಎಂದೂ ಗೊತ್ತಿಲ್ಲ. ಅವಳಿಗೆ ಅರವತ್ತೇಳು, ನನ್ನ ಸಿಟ್ಟಿಗೆ ವಯಸ್ಸು ಕಡಿಮೆ.

ಅಬ್ಬಿಯ ಮೇಲಿನ ಸಿಟ್ಟು ನಮ್ಮಿಬ್ಬರ ನಡುವಿನದ್ದು, ಅದನ್ನು ನಾನು ನೋಡಿಕೊಳ್ಳುತ್ತೇನೆ. ನಿಮ್ಮ ಮೇಲಿನದ್ದು ಬೇರೆ. ನೀವು ದೋಣಿ ಹತ್ತಿದ್ದಕ್ಕೆ ನನಗೆ ಸಿಟ್ಟಿಲ್ಲ. ಹತ್ತಿದವರು ಇಳಿಯಬಾರದು ಎಂದುಕೊಂಡಿರಲ್ಲ, ಅದಕ್ಕೆ. ಇಳಿದ ಮಗನನ್ನು ಸತ್ತವನೆಂದು ಬರೆಯುವುದು ನಿಮಗೆ ಸುಲಭವಾಯಿತಲ್ಲ, ಅದಕ್ಕೆ. ಬೇಸರವಾಗಿದೆ ಎಂದು ಒಂದು ಪುಟದಲ್ಲಾದರೂ ಬರೆದಿದ್ದರೆ, ತಪ್ಪಾಯಿತು ಎಂಬ ಒಂದು ಪದ ಇದ್ದಿದ್ದರೆ, ನಿಮ್ಮ ನಂತರ ಹುಟ್ಟಿದ ನಾವು ಹೆಂಗಸರು ಸುಖವಾಗಿದ್ದೇವೆ ಎಂದು ಒಬ್ಬರಿಗೊಬ್ಬರು ಸುಳ್ಳು ಹೇಳುತ್ತ ಮುದುಕಿಯರಾಗುತ್ತಿರಲಿಲ್ಲ.

ಇನ್ನೊಂದು ಮಾತಿದೆ. ನಿನ್ನೆ ಹೊರಡುವ ಮೊದಲು ರಾಧಕ್ಕ ನನ್ನ ಕಿವಿಯಲ್ಲಿ ಹೇಳಿದ್ದು. ಇದನ್ನು ಹೇಳಲೆಂದೇ ಕಾಗದ ಹಿಡಿದೆ. ಈಜಿ ದಡ ಸೇರಿದ ಸುಧನ್ವ ಊರೊಳಗೆ ಹೋಗಲಿಲ್ಲ. ಮೀನು ಒಣಗಿಸುವವರ ಚಪ್ಪರದ ಕೆಳಗೆ ಹನ್ನೊಂದು ದಿನ ಕೂತಿದ್ದ. ಅಮ್ಮ ದೋಣಿ ತಿರುಗಿಸಿಕೊಂಡು ಬರುತ್ತಾಳೆ ಎಂದು ಅಲ್ಲಿಯವರಿಗೆ ಹೇಳುತ್ತಿದ್ದನಂತೆ. ಅವರೇ ಊಟ ಕೊಟ್ಟರು. ಹನ್ನೆರಡನೆಯ ದಿನ ಎದ್ದು ಕೆಲಸ ಕೇಳಲು ಹೋದ.

ನಿಮಗೆ ಇನ್ನೂ ಆರು ವರ್ಷ ಸಮಯವಿದೆ, ಅಜ್ಜಿ. ಅವನು ಕೇಳಿದಾಗ ನೀವೇ ದಡದವರೆಗೆ ಹೋಗಿ ಬಿಟ್ಟುಬನ್ನಿ. ಅಷ್ಟು ಧೈರ್ಯ ಬಾರದೆ ಅವನು ಧುಮುಕಿಯೇ ಬಿಟ್ಟರೆ, ದಿವಾಕರಜ್ಜ ಏನೇ ಹೇಳಲಿ, ಹಾಯಿ ತಿರುಗಿಸಿ. ಮೊದಲ ದಿನ ಆಗದಿದ್ದರೆ ಐದನೆಯ ದಿನ, ಅದೂ ಆಗದಿದ್ದರೆ ಹನ್ನೊಂದನೆಯ ದಿನ ಸಂಜೆಯೊಳಗೆ. ಚಪ್ಪರ ಕಾರವಾರದ ದಡದಲ್ಲಿ, ಹಳ್ಳ ಸಮುದ್ರ ಸೇರುವ ಜಾಗದ ತೆಂಕಣಕ್ಕೆ. ನೀರು ಅಲ್ಲಿ ಆಳವಿದೆ, ದೋಣಿ ತಾಗುವುದಿಲ್ಲ.

ಗುಲಾಬಿ