ಕೆಂಪು ಹಚ್ಚಿದ ನಟ್ಟು

ಫೆಬ್ರವರಿ 11, ಬೆಳಿಗ್ಗೆ

ಮತ್ತೆ ಅದೇ ಕನಸು. ಇಳಿಜಾರು ದಾರಿ. ಸ್ಟೇರಿಂಗು ಕಿತ್ತು ಕೈಗೆ ಬಂತು, ಊಟದ ತಟ್ಟೆ ಹಿಡಿದ ಹಾಗೆ ಹಿಡಿದುಕೊಂಡು ಕೂತಿದ್ದೆ. ಹಿಂದಿನ ಸೀಟಿನಿಂದ ಭಾವ — "ಹಿಂದಕ್ಕೆ ಕೊಡೋ ಇಲ್ಲಿ, ನಾನು ಓಡಿಸ್ತೀನಿ." ಎದ್ದೆ. ಗ್ಯಾಸ್ ನೋಡಿದೆ, ಆಫ್ ಇತ್ತು. ಚಿಲಕ ನೋಡಿದೆ. ಮತ್ತೆ ಗ್ಯಾಸ್. ಇವಳು ಹಾಸಿಗೆಯಿಂದಲೇ ಅಂದಳು, "ನನಗೆ ಹೇಳಬೇಡಿ. ಬರೆದಿಡಿ." ಅದಕ್ಕೇ ಈ ಪುಸ್ತಕ. ಏಳನೇ ಕ್ಲಾಸು ಅರ್ಧಕ್ಕೆ ಬಿಟ್ಟವನ ಅಕ್ಷರ. ಯಾರು ಓದಬೇಕು, ಬಿಡು.

ಗಾಡಿ ಇನ್ನೂ ಕೊಂಡೇ ಇಲ್ಲ. ಕನಸಿಗೆ ಎಷ್ಟು ಅವಸರ.

ಇದೆಲ್ಲ ಭಾವ ತಂದಿಟ್ಟಿದ್ದು. ಗುಡ್ಡದ ತುದಿಯ ಮೊಬೈಲ್ ಟವರಿನ ಜನರೇಟರಿಗೆ ಡೀಸೆಲ್ ಸಾಗಿಸೋ ಕಂಟ್ರಾಕ್ಟು. ಮೇಲಕ್ಕೆ ಬರೀ ಕಲ್ಲಿನ ದಾರಿ, ಮಾಮೂಲಿ ಗಾಡಿ ಅರ್ಧಕ್ಕೇ ಕೈ ಎತ್ತತ್ತೆ. ನಾಲ್ಕೂ ಚಕ್ರ ಎಳೆಯೋ ಜೀಪು ಬೇಕು. ಹೊಸದು ನಮ್ಮಂಥವರಿಗಲ್ಲ. ಹಳೇದು ಕೊಂಡು ನಾವೇ ರಿಪೇರಿ ಮಾಡಿಕೊಳ್ಳೋದು — ನಾವು ಅಂದರೆ ನಾನು. ಫರ್ನಿಚರ್ ಅಂಗಡಿ ಮುಚ್ಚಿದ ಮೇಲೆ ನನ್ನ ಟೆಂಪೋ ಓಡಿಸೋ ಕೆಲಸವೂ ಹೋಯ್ತು. ಬೇಡ ಅನ್ನೋಕೆ ಬಾಯಿಲ್ಲ.

ಅಕ್ಕನ ಗಂಡ. ಎದುರಿಗೆ ನೀವು, ಬನ್ನಿ, ಕೂತ್ಕೊಳ್ಳಿ. ಇಲ್ಲಿ 'ಅವನು'. ಪುಸ್ತಕ ನನ್ನದು.

ಫೆಬ್ರವರಿ 14

ಗಾಡಿ ನೋಡಿ ಬಂದೆವು. ನಿಂತುಹೋದ ಒಂದು ಮರದ ಮಿಲ್ಲು, ಅದರ ಹಿಂದೆ. ಜೀಪಿನೊಳಗೆ ಕೋಳಿ ಮೊಟ್ಟೆ ಇಟ್ಟಿತ್ತು. ಮಿಲ್ಲಿನವನು ಮೊಟ್ಟೆ ತೆಗೆದು ಜೇಬಿಗೆ ಹಾಕಿಕೊಂಡು, "ಇದು ರೇಟಲ್ಲಿ ಸೇರಿಲ್ಲ" ಅಂದ. ಭಾವ ಬಿದ್ದೂ ಬಿದ್ದೂ ನಕ್ಕ.

ನಾನು ಕೆಳಗೆ ಮಲಗಿ ಗಾಡಿ ಹೊರೋ ಕಬ್ಬಿಣಕ್ಕೆ, ಚಾಸಿಗೆ, ಸ್ಪ್ಯಾನರಿಂದ ತಟ್ಟುತ್ತಾ ಬಂದೆ. ಟಣ್ ಟಣ್ ಅಂತಿದ್ದದ್ದು ಒಂದು ಕಡೆ ದಬ್ ಅಂತು. ತುಕ್ಕು ತಿಂದ ಜಾಗಕ್ಕೆ ಪುಟ್ಟಿ ಮೆತ್ತಿ ಮೇಲೆ ಬಣ್ಣ. ಹೇಳಿದೆ.

"ಹುಡುಕಿದ್ರೆ ನಿಮ್ಮ ಮೈಯಲ್ಲೂ ಸಿಗತ್ತೆ" ಅಂದ ಮಿಲ್ಲಿನವನು. "ಹೊಸಾದು ಬೇಕಾದ್ರೆ ಶೋರೂಮಿಗೆ ಹೋಗಿ. ಅಲ್ಲಿ ಎ.ಸಿ. ಹಾಕಿ ಕೂರಿಸ್ತಾರೆ, ಜ್ಯೂಸು ಕೊಡ್ತಾರೆ."

ಭಾವ ಅವನ ಪಕ್ಷ. "ನಮ್ಮ ಬಾಮೈದ ಹಾಗೇನೆ ಸಾರ್. ಮದುವೆಗೆ ಹುಡುಗಿ ನೋಡೋಕೆ ಹೋದಾಗ್ಲೂ ಮನೆ ಗೋಡೆ ತಟ್ಟಿ ನೋಡಿದ್ದ."

ಸುಳ್ಳು. ಗೋಡೆ ತಟ್ಟಲಿಲ್ಲ. ಒರಗಿದ ಕಡೆ ಗಾರೆ ಉದುರಿತು, ಅಷ್ಟೇ.

ಒಂದು ಮಾತು ಒಪ್ಪಬೇಕು. ಇಂಜಿನ್ನು ಗಟ್ಟಿ. ಫೋರ್ ವೀಲ್ ಲಿವರ್ ಎಳೆದರೆ ಮುಂದಿನ ಚಕ್ರಕ್ಕೂ ಶಕ್ತಿ ಹೋಗತ್ತೆ. ನಮ್ಮ ಕೈಗೆ ಎಟುಕೋ ಜೀಪು ಬೇರೆ ಇಲ್ಲ. ಹೂಂ ಅಂದೆ.

ಫೆಬ್ರವರಿ 16

ಗಾಡಿ ಅಕ್ಕನ ಹೆಸರಿಗೆ. ಅವಳದೇ ಹಟ. "ನಿಮ್ಮಿಬ್ಬರ ಹೆಸರಿಗೆ ಮಾಡಿದ್ರೆ ನಾಳೆ ಜಗಳ ಆಡಿ ಮುಂದಿನ ಚಕ್ರ ಒಬ್ಬ, ಹಿಂದಿನ ಚಕ್ರ ಒಬ್ಬ ಬಿಚ್ಕೊಂಡು ಹೋಗ್ತೀರ."

ಅಕ್ಕನ ಮನೆ ಹಿಂದಿನ ಶೆಡ್ಡಿಗೆ ಕಟ್ಟಿ ಎಳೆದು ತಂದೆವು. ನಾವಿರೋದು ಅದೇ ಮನೆಯ ಮೇಲಿನ ಕೋಣೆಗಳಲ್ಲಿ. ಕಿಟಕಿಯಿಂದ ಕಾಣತ್ತೆ. ಮುಚ್ಚಿದರೂ ಕಾಣತ್ತೆ.

ಫೆಬ್ರವರಿ 28

ಹನ್ನೊಂದು ಗಂಟೆ ಹೊತ್ತಿಗೆ ಜಗಳ. ನಾನು ಬ್ರೇಕು ಬಿಚ್ಚಿ ಹರಡಿಕೊಂಡಿದ್ದೆ. ಭಾವ ಬಣ್ಣದ ಡಬ್ಬ ಹಿಡಿದು ಬಂದ.

"ಮೊದ್ಲು ಬಣ್ಣ ಹೊಡಿಯೋ. ಕಂಪನಿ ಇಂಜಿನಿಯರ್ ಬಂದ್ರೆ ಕಣ್ಣಿಗೆ ಕಾಣೋದು ಅದೇ."

"ಬ್ರೇಕ್ ಹಿಡೀದಿದ್ರೆ ಅವನ ಕಣ್ಣಿಗೆ ನಾವೂ ಕಾಣಲ್ಲ ಭಾವ."

"ಹಾಳು ಬಾಯಿ. ಇನ್ನೂ ಶುರುವೇ ಆಗಿಲ್ಲ, ಆಗ್ಲೇ ಸಾಯೋ ಮಾತು."

ಸ್ಟೂಲ್ ಹಾಕಿಕೊಂಡು ಕೂತ. ಕೂತು ಹೇಳ್ತಾನೆ — ಅದು ಬಿಗಿ ಮಾಡು, ಇದು ಸಡಿಲ ಮಾಡು. ಬ್ರೇಕ್ ಸಿಲಿಂಡರು ಗುಜರಿಯಿಂದ ತಂದದ್ದು, ಎರಡು ಕೆಟ್ಟವು ಕೂಡಿಸಿ ಒಂದು ಒಳ್ಳೇದು ಮಾಡಿದೆ. ಕಾಲಿಡೋ ಜಾಗದ ತಗಡು ತೂತು, ಹಳೇ ಬೀರುವಿನ ಬಾಗಿಲು ಕತ್ತರಿಸಿ ವೆಲ್ಡ್ ಮಾಡಿಸಿದೆ. ಸಂಜೆ ಅವನು ಬೀದಿಯಲ್ಲಿ ಯಾರಿಗೋ ಹೇಳ್ತಿದ್ದ, "ನಾವೇ ಕೂತು ಮಾಡ್ತಿದೀವಿ." ಅದು ನಿಜ. ಅವನು ಕೂತಿದ್ದ.

ಮಾರ್ಚ್ 5

ಹಿಂದಿನ ಚಕ್ರದ ನಟ್ಟು ಬಿಗಿ ಮಾಡಿದೆ. ಕೈ ತೊಳೆದು ಬಂದು ಮತ್ತೆ ನೋಡಿದೆ. ಬಿಗಿ ಇತ್ತು. ಮೆಟ್ಟಿಲು ಹತ್ತಿದೆ, ಅರ್ಧಕ್ಕೆ ಇಳಿದು ಮತ್ತೆ ನೋಡಿದೆ. ಭಾವ ಬಾಗಿಲಲ್ಲಿ ನಿಂತಿದ್ದ.

"ಏನು, ನಟ್ಟಿಗೆ ಜ್ವರ ಇದ್ಯಾ, ಮುಟ್ಟಿ ಮುಟ್ಟಿ ನೋಡ್ತಿದೀಯ?"

ಸ್ಪ್ಯಾನರ್ ಹಾಕಿ ಇನ್ನೊಂದು ಸಲ ತಿರುಗಿಸಿದೆ.

"ಹೀಗೇ ತಿರುಪ್ತಾ ಇರು. ಒಂದಿನ ಥ್ರೆಡ್ಡು ಸವೆದು ನಿನ್ನ ಕೈಯಲ್ಲೇ ಬರತ್ತೆ. ಬುದ್ಧಿ ಇರೋರ ಜೊತೆ ಕೆಲಸ ಮಾಡ್ಬೇಕು ಅಂತ ಆಸೆ ನಂಗೆ, ನಿಮ್ಮಕ್ಕನ ಮುಖ ನೋಡಿ ಸುಮ್ನಿದೀನಿ."

ಸ್ಪ್ಯಾನರ್ ಎಸೆದೆ. ಅವನ ಮೇಲಲ್ಲ, ಗೋಡೆಗೆ. ಅಕ್ಕ ಒಳಗಿಂದ ಓಡಿಬಂದಳು. ಅವನನ್ನು ಒಳಕ್ಕೆ ಕಳಿಸಿ ನನ್ನ ಪಕ್ಕ ಕೂತಳು. ಕೈಯಲ್ಲಿ ಅವಳ ನೇಲ್ ಪಾಲಿಶ್ ಬಾಟಲಿ, ಕೆಂಪು.

"ನೋಡು. ಒಂದು ಸಲ ಬಿಗಿ ಮಾಡು. ಇದನ್ನ ಒಂದು ಬೊಟ್ಟು ಹಚ್ಚು. ಕೆಂಪು ಕಂಡ್ರೆ ಮುಗೀತು, ಮತ್ತೆ ಕೈ ಹಾಕೋ ಹಾಗಿಲ್ಲ. ನನ್ನ ಮೇಲಾಣೆ ಇಡು."

"ಆಣೆ ಯಾಕಕ್ಕ..."

"ಇಡು. ನೀನು ಹಾಳಾಗ್ತಿದೀಯ, ನಂಗೆ ಕಾಣಲ್ವಾ?"

ಇಟ್ಟೆ.

ಮಾರ್ಚ್ 6

ಕೆಂಪು ಹಚ್ಚಿದೆ. ಒಂದೇ ಸಲ ನೋಡಿದೆ. ನಿದ್ದೆ ಬಂತು. ಕನಸಿಲ್ಲ.

ಮಾರ್ಚ್ 19

ಬರೆಯೋಕೆ ಏನೂ ಇರಲಿಲ್ಲ ಇಷ್ಟು ದಿನ. ಇವಳು, "ಪುಸ್ತಕಕ್ಕೆ ಧೂಳು ಹಿಡಿದಿದೆ, ನೀವು ನೆಟ್ಟಗಾಗ್ತಿದೀರ" ಅಂದಳು.

ಇವತ್ತು ಕಲ್ಲುಕ್ವಾರಿ ಏರಿನಲ್ಲಿ ಟ್ರಯಲ್ಲು. ಹಿಂದಿನ ಎರಡೇ ಚಕ್ರದ ಎಳೆತಕ್ಕೆ ಜಾರಿ ನಿಂತಿತು. ಲಿವರ್ ಎಳೆದೆ — ಮುಂದಿನದೂ ಹಿಡೀತು, ಎಮ್ಮೆ ಕೆಸರಿಂದ ಎದ್ದ ಹಾಗೆ ಮೈ ಕೊಡವಿಕೊಂಡು ಮೇಲಕ್ಕೆ ಬಂತು. ನಗು ಬಂತು. ಯಾರೂ ನೋಡಲಿಲ್ಲ ತಾನೇ ಅಂತ ತಿರುಗಿದರೆ ಭಾವ ವೀಡಿಯೋ ಮಾಡ್ತಿದ್ದ, ಮೊಬೈಲು ತನ್ನ ಕಡೆ ತಿರುಗಿಸಿಕೊಂಡು.

ಬರುವಾಗ ಸ್ಟೇರಿಂಗಲ್ಲಿ ಸ್ವಲ್ಪ ಆಟ ಇದೆ ಅನ್ನಿಸಿತು, ತಿರುಗಿಸಿದರೂ ಚಕ್ರ ತಡವಾಗಿ ಕೇಳತ್ತೆ. ಹೇಳಿದೆ.

"ಗಾಡಿ ಎಲ್ಲ ಕೆಂಪು ಚುಕ್ಕಿ, ಸಿಡುಬು ಎದ್ದಂಗಿದೆ. ಇನ್ನೂ ಅನುಮಾನ ಹೋಗ್ಲಿಲ್ವಾ ನಿಂಗೆ? ತಡಿ, ನಾನೊಂದು ಬಾಟಲಿ ತರ್ತೀನಿ. ಎಲ್ಲಾದಕ್ಕೂ ಬಳಿದುಬಿಡ್ತೀನಿ. ನೀನು ಮಲ್ಕೋ."

24ಕ್ಕೆ ಕಂಪನಿಯವರ ಇನ್ಸ್‌ಪೆಕ್ಷನ್ನು. ಗುಡ್ಡದ ಮೇಲೇ. ಟವರಲ್ಲಿ ಡೀಸೆಲ್ ಮುಗಿದು ಜನರೇಟರ್ ನಿಂತಿದೆಯಂತೆ. ಡೀಸೆಲ್ ತುಂಬಿಕೊಂಡು ಹತ್ತಿ ತೋರಿಸಿದರೆ ಕೆಲಸ ನಮ್ಮದು. ಗಾಡಿ ಓನರ್ ಕೂಡ ಬಂದು ಸಹಿ ಹಾಕಬೇಕು. ಅಂದರೆ ಅಕ್ಕ.

ಮಾರ್ಚ್ 23, ಸಂಜೆ



ಸ್ಟೇರಿಂಗ್ ಆಟ ಎಲ್ಲಿಂದ ಅಂತ ಸಿಕ್ಕಿತು. ಮುಂದಿನ ಚಕ್ರ ತಿರುಗಿಸೋ ರಾಡು ಇದೆಯಲ್ಲ, ಬಲಗಡೆ ಚಕ್ರದ ಹಿಂದೆ ಅದರ ತುದಿ ಸವೆದಿತ್ತು. ಗುಜರಿಯಿಂದ ಒಳ್ಳೇದೊಂದು ತಂದು ಕೂರಿಸಿದೆ. ನಟ್ಟು ಕೈಯಲ್ಲಿ ತಿರುಗಿಸಿ ನಿಲ್ಲಿಸಿದೆ. ಅದು ಬಿಚ್ಚಿಕೊಳ್ಳದ ಹಾಗೆ ಅಡ್ಡ ತೂರಿಸೋ ಸ್ಪ್ಲಿಟ್ ಪಿನ್ನು ಮುರಿದಿತ್ತು. ಹೊಸದು ತರೋಕೆ ಅಂಗಡಿಗೆ ಹೋದೆ.

ಬಂದರೆ ಶೆಡ್ಡಿನ ಮುಂದೆ ಭಾವ, ಅಕ್ಕಪಕ್ಕದ ಮನೆಯವರು. ನನ್ನ ಹಾಗೆ ಬಗ್ಗಿ, ನಟ್ಟು ಮುಟ್ಟಿ, ಮೂಸಿ, ಕಿವಿ ಇಟ್ಟು ಕೇಳಿ ತೋರಿಸ್ತಿದ್ದ. ಜನ ನಗ್ತಿದ್ದರು. ಎದುರು ಮನೆಯವಳು ಸೆರಗು ಬಾಯಿಗೆ ಇಟ್ಟುಕೊಂಡು.

"ಬಂದ ನೋಡಿ ಡಾಕ್ಟರು" ಅಂದ.

"ನಾಳೆ ನೀವೇ ಓಡಿಸ್ಕೊಂಡು ಹೋಗಿ" ಅಂದೆ.

"ಓಡಿಸ್ತೀನಿ. ನೀನು ಬಂದ್ರೆ ದಾರಿ ಉದ್ದಕ್ಕೂ ನಿಲ್ಸಿ ನಿಲ್ಸಿ ಅಂತ ಪ್ರಾಣ ತಿಂತೀಯ. ಇಂಜಿನಿಯರ್ ಮುಂದೆ ನನ್ನ ಮಾನ ತೆಗೀಬೇಡ, ಮನೇಲಿ ಬಿದ್ದಿರು."

"ಇನ್ನು ನಿಮ್ಮ ಹತ್ರ ಮಾತಾಡಿದ್ರೆ ಕೇಳಿ."

"ಅಬ್ಬ, ಇದಕ್ಕಾದ್ರೂ ಒಂದು ಬೊಟ್ಟು ಹಚ್ಚು, ಮರೀಬೇಡ."

ಎಲ್ಲ ನಕ್ಕರು. ಮೇಲೆ ಬಂದುಬಿಟ್ಟೆ. ಊಟ ಬೇಡ. ಇವನ ಮುಖ ನೋಡಿದರೆ ಮೈ ಉರಿಯತ್ತೆ. ಗಾಡಿ ಅಲ್ಲೇ ಪಾತಾಳಕ್ಕೆ ಹೋಗಲಿ — ಬೇಡ, ಅದು ಬರೆಯಬಾರದಿತ್ತು. ಅಕ್ಕ ಕೂತಿರ್ತಾಳೆ. ಆ ಸಾಲು ಹೊಡೆದುಹಾಕಿದೆ ಅಂತ ಲೆಕ್ಕ.

ಮಾರ್ಚ್ 24, ಬೆಳಿಗ್ಗೆ

ಕನಸು ಮತ್ತೆ ಬಂತು. ತಟ್ಟೆ, ಇಳಿಜಾರು.

ಭಾವ ಏಳೋ ಮುಂಚೆ ಶೆಡ್ಡಿಗೆ ಹೋದೆ. ಬಲಗಡೆ ರಾಡಿನ ತುದಿ... ನಿನ್ನೆ ಬಿಗಿ ಮಾಡಿದೆನೋ ಇಲ್ಲವೋ, ಜಗಳದಲ್ಲಿ ನೆನಪೇ ಇಲ್ಲ. ಬಗ್ಗಿದೆ. ಕೆಂಪು ಕಾಣಿಸಿತು. ಸರಿ, ಮಾಡಿದೀನಿ ಹಾಗಾದರೆ. ಕೈ ಮುಂದೆ ಹೋಯ್ತು. ಆಣೆ ನೆನಪಾಯ್ತು. ವಾಪಸ್ ತಗೊಂಡೆ.

ಡೀಸೆಲ್ ಕ್ಯಾನು ಏರಿಸಿ ಹೊರಟರು. ಅಕ್ಕ ಹೊಸ ಸೀರೆ. ಕಿಟಕಿ ನೋಡಿ ಕೈ ಆಡಿಸಿದಳು. ಅವನು ಹಾರನ್ ಹೊಡೆದ, ಬೇಕಂತಲೇ, ಬೀದಿ ಮುಗಿಯೋವರೆಗೂ.

ಮುಟ್ಟಲಿಲ್ಲ ನಾನು. ಒಂದು ಸಲವೂ. ಇವಳಿಗೆ ಹೇಳಿದೆ. "ಶಹಭಾಸ್" ಅಂದಳು.

ಅದೇ ದಿನ, ಹನ್ನೊಂದು ಗಂಟೆ ಮೇಲೆ

ಇವಳು ಬಟ್ಟೆ ನೆನೆಸುವಾಗ ನಿನ್ನೆಯ ಶರ್ಟಿನ ಜೇಬು ತಡಕಿ ಕರೆದಳು. "ಇದೇನ್ರಿ, ತಲೆಗೆ ಹಾಕೋ ಪಿನ್ನಾ? ಯಾರದಿದು?"

ಸ್ಪ್ಲಿಟ್ ಪಿನ್ನು. ಹೊಸದು. ಕಾಗದದ ಪೊಟ್ಟಣ ಬಿಚ್ಚೇ ಇಲ್ಲ.

ಪಿನ್ನು ಹಾಕದೆ ನಾನು ಕೆಂಪು ಹಚ್ಚೋದಿಲ್ಲ. ಯಾವತ್ತೂ ಇಲ್ಲ.

ಶೆಡ್ಡಿಗೆ ಓಡಿದೆ. ಕಿಟಕಿ ಕಟ್ಟೆ ಮೇಲೆ ಬಾಟಲಿ — ಅಕ್ಕನದಲ್ಲ, ಬೇರೆ, ದೊಡ್ಡದು. ಅರ್ಧ ಖಾಲಿ. ಶೆಡ್ಡಿನ ಚಿಲಕಕ್ಕೆ ಕೆಂಪು ಬೊಟ್ಟು. ನಲ್ಲಿಗೆ ಕೆಂಪು. ಜ್ಯಾಕಿಗೆ. ನಾನು ಬಿಚ್ಚಿ ಮೂಲೆಗೆ ಹಾಕಿದ್ದ ಕೆಟ್ಟ ನಟ್ಟುಗಳಿಗೆ ಕೂಡ, ಒಂದೊಂದಕ್ಕೂ. ತಂದೇಬಿಟ್ಟಿದ್ದಾನೆ. ಎಲ್ಲಾದಕ್ಕೂ ಬಳಿದಿದ್ದಾನೆ. ನಗೋಕೆ.

ಹಾಗಾದರೆ ಆ ನಟ್ಟು ಕೈಯಲ್ಲಿ ತಿರುಗಿಸಿದ್ದಷ್ಟೇ. ಪಿನ್ನಿಲ್ಲ. ತಕ್ಷಣ ಬಿಡೋದಿಲ್ಲ ಅದು, ರಾಡು ಕಚ್ಚಿಕೊಂಡಿರತ್ತೆ, ಸುಮಾರು ದೂರ ಓಡಬಹುದು, ಏರನ್ನೂ ಹತ್ತಬಹುದು. ಕಲ್ಲಿನ ಮೇಲೆ ಕುಲುಕಿ ಕುಲುಕಿ ನಟ್ಟು ಒಂದೊಂದೇ ಸುತ್ತು ಬರತ್ತೆ. ಅದು ಬಿದ್ದ ಮೇಲೆ ಸ್ಟೇರಿಂಗು ತಿರುಗಿಸಿದರೆ ಚಕ್ರ ಕೇಳೋದಿಲ್ಲ.

ಭಾವನಿಗೆ ಫೋನು ಮಾಡಿದೆ. ಹೋಗ್ತಿಲ್ಲ. ಅಕ್ಕನಿಗೆ — ಹೋಗ್ತಿಲ್ಲ. ಹೇಗೆ ಹೋಗತ್ತೆ. ಆ ಗುಡ್ಡಕ್ಕೆಲ್ಲ ಇರೋದು ಅದೊಂದೇ ಟವರು. ಅದಕ್ಕೆ ಹಾಕೋ ಡೀಸೆಲ್ಲು ಅವರ ಗಾಡಿಯಲ್ಲೇ ಇದೆ.

ಇವಳು ಮೆಸೇಜ್ ಟೈಪ್ ಮಾಡಿದಳು, ನಾನು ಮಾಡಿದರೆ ಅಕ್ಷರ ತಪ್ಪತ್ತೆ. ಇಬ್ಬರಿಗೂ. 'ಬಲಗಡೆ ಮುಂದಿನ ಚಕ್ರದ ಹಿಂದೆ ನಟ್ಟು ಸಡಿಲ ಇದೆ, ಗಾಡಿ ನಿಲ್ಲಿಸಿ.' ವಾಟ್ಸಾಪಲ್ಲಿ ಒಂದೇ ಟಿಕ್ ಗೀಟು. ಮುಟ್ಟಿಲ್ಲ.

ಅದೇ ದಿನ, ಹನ್ನೊಂದೂವರೆ

ಇವಳು ಎದುರು ಮನೆಗೆ ಸ್ಕೂಟರ್ ಕೇಳೋಕೆ ಓಡಿದ್ದಾಳೆ. ಸೆರಗು ಬಾಯಿಗೆ ಇಟ್ಟವಳ ಮನೆಗೇ. ಪಿನ್ನು, ಸ್ಪ್ಯಾನರ್ ಜೇಬಲ್ಲಿವೆ. ಇವೆ. ನೋಡಿದೆ. ಇವೆ. ಬರೋವರೆಗೆ ಬರೀತೀನಿ, ಇಲ್ಲದಿದ್ದರೆ ಕೈ ಸುಮ್ಮನಿರೋದಿಲ್ಲ.

ಅಕ್ಕನ ಸೀರೆ ಹಸಿರು ಬಣ್ಣದ್ದು.

ಎರಡು ಗೀಟು ಬಂತು. ಬಂತು. ಟವರು ಆನ್ ಆಗಿದೆ. ಅಂದರೆ ತುದಿ ಮುಟ್ಟಿದ್ದಾರೆ. ಡೀಸೆಲ್ ಹಾಕಿದ್ದಾರೆ. ಅಕ್ಕ ಇದ್ದಾಳೆ.

ಫೋನು ಮಾಡಿದೆ, ಭಾವ ಕಟ್ ಮಾಡಿದ. ಮತ್ತೆ ಮಾಡಿದೆ, ಕಟ್. ಅಕ್ಕನದು ರಿಂಗ್ ಆಗ್ತಿದೆ, ಎತ್ತುತ್ತಿಲ್ಲ, ಸೀಟಲ್ಲೇ ಬಿಟ್ಟು ಸಹಿ ಹಾಕೋಕೆ ಹೋಗಿರ್ತಾಳೆ. ಭಾವನಿಂದ ಮೆಸೇಜ್ ಬಂತು:

'ಇಂಜಿನಿಯರ್ ಓಕೆ ಅಂದ್ರು. ಕೆಲಸ ನಮ್ಮದೇ. ನಿನ್ನ ನಟ್ಟು ಬಗ್ಗಿ ನೋಡಿದೆ. ಕೆಂಪಿದೆ. ಈಗ ಇಳೀತಿದೀವಿ. ಮಲ್ಕೋ.'

ಸ್ಕೂಟರ್ ಸದ್ದು. ಇವಳು ಬಂದಳು. ಹೋಗೋ ಮುಂಚೆ ಇವಳು ಇದನ್ನು ನೋಡಿಕೊಂಡು ಟೈಪ್ ಮಾಡಲಿ, ಒಂದಕ್ಷರ ಬಿಡದೆ —

ಭಾವ, ಗಾಡಿ ಸ್ಟಾರ್ಟ್ ಮಾಡಬೇಡಿ. ನಾನು ಮಾತಾಡ್ತಿದೀನಿ, ನಾನೇ ಸೋತೆ, ನಿಮ್ಮ ಕಾಲಿಗೆ ಬೀಳ್ತೀನಿ. ಆ ಕೆಂಪು ನನ್ನದಲ್ಲ, ನಿಮ್ಮದು. ಕಣ್ಣಲ್ಲಿ ನೋಡಬೇಡಿ. ಬಲಗಡೆ, ಚಕ್ರದ ಹಿಂದೆ, ಕೈ ಹಾಕಿ ಇನ್ನೊಂದೇ ಒಂದು ಸಲ ಮುಟ್ಟಿ ನೋಡಿ, ತಿರುಗತ್ತಾ ಅಂತ