ಅಮ್ಮನ ಹೆಸರು ಕೇಳಿದವಳು

ಮಂಗಳವಾರ, ಬೆಳಿಗ್ಗೆ

ಪ್ರೀತಿಯ ಅಮ್ಮನಿಗೆ,

ನಿನ್ನ ಮುಖ ನೋಡುವ ಧೈರ್ಯವಿಲ್ಲದೆ ಬರೆಯುತ್ತಿದ್ದೇನೆ. ಇದನ್ನು ಅತ್ತಿಗೆಯೇ ಓದಿ ಹೇಳಬೇಕು, ಅವಳು ಓದಿದರೆ ಬೀದಿಗೆಲ್ಲ ಕೇಳಿಸುತ್ತದೆ ಎಂಬುದೂ ಗೊತ್ತು. ಕೇಳಿಸಲಿ. ನಿನಗೆ ನಾನು ಅವಮಾನ ಮಾಡಿದ್ದೂ ಎಲ್ಲರೆದುರೇ ತಾನೇ.

ಆ ದಿನ ಆಸ್ಪತ್ರೆಯಲ್ಲಿ ನರ್ಸ್ ಬಟ್ಟೆ ತೊಟ್ಟು, ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಬಂದವರ ಬೆರಳು ಚುಚ್ಚುತ್ತಾ ಕೂತಿದ್ದೆ. ನಮ್ಮವರಲ್ಲಿ ಒಬ್ಬೊಬ್ಬರದೂ ಸಕ್ಕರೆ ಏರಿರುವುದನ್ನು ನೋಡಿ ಹೊಸ ಡಾಕ್ಟರು, ಈ ಕಾಡಿನ ಜನಕ್ಕೆ ನಾಲಿಗೆ ಮೇಲೆ ಹಿಡಿತಾನೇ ಇಲ್ಲ, ತಿನ್ನೋದು ಮಲಗೋದು ಅಷ್ಟೇ ಎಂದರು. ನಾನು ನಕ್ಕೆ ಅಮ್ಮ. ಹಲ್ಲು ಕಿರಿದೆ ಎಂದರೆ ಸರಿ. ನಾನೂ ಅದೇ ಜನ ಎಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಾಗುವುದೂ ಬೇಡ ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ತಲೆ ಎತ್ತಿದರೆ ಎದುರಿಗೆ ನೀನು. ನಿನ್ನ ಕಾಲಿನ ಹುಣ್ಣಿಗೆ ನನ್ನ ಹಳೇ ಅಂಗಿಯ ಬಟ್ಟೆ ಸುತ್ತಿಕೊಂಡಿದ್ದೆ. ನಮ್ಮ ಮಾತಿನಲ್ಲಿ ನನ್ನನ್ನು ಕರೆಯಲು ನೀನು ಬಾಯಿ ತೆರೆಯುವಷ್ಟರಲ್ಲಿ, ನಾನು ಪಟ್ಟಣದ ಮಾತಿನಲ್ಲಿ ಹೆಸರೇನಮ್ಮಾ ಎಂದು ಕೇಳಿಬಿಟ್ಟೆ. ಹೆತ್ತ ತಾಯಿಯ ಹೆಸರನ್ನು. ನೀನು ಹೆಸರು ಹೇಳಿ, ಬರ್ಕೊಳ್ಳಿ ಮೇಡಂ ಅಂದೆ. ನನ್ನ ಮಾನ ಉಳಿಸಿ, ಕಾಲು ತೋರಿಸದೆ ಹೊರಟುಹೋದೆ.

ನಾನು ಡಾಕ್ಟರಿಗೆ ಹೇಳಬೇಕಿತ್ತು. ಅರಣ್ಯದವರು ಕಾಡಿಗೆ ಬೇಲಿ ಹಾಕಿ ನಮ್ಮನ್ನು ಗುಡ್ಡದಿಂದ ಕೆಳಗಿಳಿಸುವ ಮೊದಲು ನೀನು ದಿನವೆಲ್ಲ ಗುಡ್ಡ ಹತ್ತಿ ಗೆಡ್ಡೆ ಅಗೆಯುತ್ತಿದ್ದವಳು, ಈಗ ಬೇಲಿ ದಾಟಿದರೆ ಹಿಡಿಯುತ್ತಾರೆ, ನಮಗೆ ಕಟ್ಟಿಕೊಟ್ಟ ಸಾಲುಮನೆಗಳ ಅಂಗಡಿಯಲ್ಲಿ ಸಿಗುವುದು ಮೈದಾ ಸಕ್ಕರೆ ಅಷ್ಟೇ ಎಂದು. ಹೇಳದೆ ಮುಂದಿನವರ ಬೆರಳು ಚುಚ್ಚಿದೆ.

ಭಾನುವಾರ ನಾನು ಮನೆಗೆ ಬಂದರೆ ನೀನು ಹಿತ್ತಲಿನಿಂದ ಜಾರಿಕೊಂಡೆ. ಕುಂಟುವ ಕಾಲಿನಲ್ಲೂ ನನ್ನ ಕೈಗೆ ಸಿಗಲಿಲ್ಲ. ಹುಣ್ಣು ಕಪ್ಪಾಗುತ್ತಿದೆ, ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ ಅಂತಿದ್ದಾಳೆ ಎಂದು ಅಣ್ಣ ಹೇಳಿದ. ಸಿಟ್ಟು ನನ್ನ ಮೇಲೆ ತೀರಿಸಿಕೋ, ಕಾಲಿನ ಮೇಲೆ ಬೇಡ. ತಡ ಮಾಡಿದರೆ ಕಾಲನ್ನೇ ತೆಗೆಯಬೇಕಾಗುತ್ತದೆ. ಗುರುವಾರ ಬಾ. ಡಾಕ್ಟರ ಮುಂದೆಯೇ, ನಮ್ಮ ಮಾತಿನಲ್ಲೇ ಅಮ್ಮಾ ಎಂದು ಕರೆಯುತ್ತೇನೆ.

ಇಂತಿ,
ಮೇಡಂ ಅಲ್ಲ, ನಿನ್ನ ಮಗಳು

ಇನ್ನೊಂದು ಮಾತು: ಒಂದು ವರ್ಷದಿಂದ ನಾನೂ ಬಾಗಿಲು ಹಾಕಿಕೊಂಡು ಇದೇ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದೇನೆ. ಡಾಕ್ಟರ ಮಾತಿಗೆ ನಕ್ಕಾಗಲೂ ಮಾತ್ರೆ ನನ್ನ ಜೇಬಿನಲ್ಲೇ ಇತ್ತು. ಗುರುವಾರ ಸಾಲಿನಲ್ಲಿ ನಿನ್ನ ಹಿಂದೆ ನಿಲ್ಲುತ್ತೇನೆ. ಅತ್ತಿಗೆ, ಇದನ್ನೂ ಜೋರಾಗಿಯೇ ಓದು.