ಒಂದು ಕಣ್ಣು ಸಾಕೆಂದ ನಿರ್ದೇಶಕರಿಗೆ

ಮಾನ್ಯ ಸಂಶೋಧನಾ ನಿರ್ದೇಶಕರೇ,

ನಿಮ್ಮ ಅವಸರಕ್ಕೆ ನನ್ನ ಅಕ್ಕ ಗೊದಲೀವ್‌ಳ ಎಡಗಣ್ಣು ಹೋಯಿತು. ಅದು ಅವಳದೇ ತಪ್ಪೆಂದು ನೀವು ಸಾರಿದಿರಿ. ದೊಡ್ಡವರಿಗೆ ಸಣ್ಣ ದನಿ ಕೇಳಿಸುವುದಿಲ್ಲವಾದ್ದರಿಂದ ಆಂಟ್‌ವರ್ಪ್ ಊರಿಗೆಲ್ಲ ಕೇಳುವಂತೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನನ್ನನ್ನು ನೀವು ಬಲ್ಲಿರಿ. ಬಂದರಿನಲ್ಲಿ ನಿಮ್ಮ ಕಾರ್ಖಾನೆಯ ಗೇಟಿನೆದುರು ಆಲೂಗಡ್ಡೆ ಕರಿದು ಮಾರುವವಳು. ಮಯೊನೇಸ್ ಜಾಸ್ತಿ ಕೇಳುವ ಗಿರಾಕಿ ನೀವು. ಅಕ್ಕ ನಿಮ್ಮ ಪ್ರಯೋಗಾಲಯದಲ್ಲಿ ಜಿಯೊಲೈಟ್ ಬೆಳೆಸುತ್ತಿದ್ದಳು. ಅದು ಮೈತುಂಬ ಅತಿಸೂಕ್ಷ್ಮ ರಂಧ್ರಗಳಿರುವ ಹರಳು, ಕಚ್ಚಾ ತೈಲವನ್ನು ಒಡೆದು ಪೆಟ್ರೋಲ್ ಮಾಡಲು ಬೇಕಾದ ವೇಗವರ್ಧಕ. ಹರಳು ದಪ್ಪಗೆ ಬೆಳೆದರೆ ಒಳಹೊಕ್ಕ ತೈಲ ಹೊರಬರಲಾರದೆ ಮಸಿಯಾಗಿ ರಂಧ್ರ ಕಟ್ಟುತ್ತದೆ. ಇದಕ್ಕೆ ಅಕ್ಕ ಒಂದು ಪಾಲಿಮರ್ ಕಂಡುಕೊಂಡಳು. ಹರಳು ಬೆಳೆಸುವ ಕುದಿಯುವ ಕ್ಷಾರಕ್ಕೆ ಅದನ್ನು ಚಿಟಿಕೆಯಷ್ಟು ಬೆರೆಸಿದರೆ ಹರಳಿನ ಒಂದು ಮೈಗೆ ಅಂಟಿಕೊಂಡು ಆ ಕಡೆ ಬೆಳೆಯಗೊಡುವುದಿಲ್ಲ. ಹರಳು ಹಾಳೆಯಂತೆ ತೆಳ್ಳಗಾಗುತ್ತದೆ.

"ಹಠಮಾರಿ ಮಗೂನ ಹೆಗಲು ಹಿಡಿದು ಕೂರಿಸ್ದಂಗೆ ಕಣೇ. ಗದರಿಸಿದ್ರೆ ಕೆಟ್ಟಿತು," ಎಂದು ಅವಳು ನನ್ನ ಅಂಗಡಿಯಲ್ಲಿ ನಿಂತು ನಗುತ್ತಿದ್ದಳು.

ನೀವು ಗದರಿಸಿದಿರಿ. ಹೊರದೇಶದ ಖರೀದಿದಾರರು ಬರುವವರಿದ್ದರು. ಅವರು ಬರುವ ಮೊದಲೇ ಹರಳು ಸಿದ್ಧವಾಗಲೆಂದು ಒಲೆಯ ಬಿಸಿ ಏರಿಸಲು ಹೇಳಿದಿರಿ. ಅಂದು ನಡೆದದ್ದನ್ನು ಅವಳ ಸಹೋದ್ಯೋಗಿ ಸ್ಟೇನ್ ನನಗೆ ಹೇಳಿದ್ದಾನೆ.

"ಅಷ್ಟು ಬಿಸೀಲಿ ಪಾಲಿಮರ್ ಒಡೆದು ಅನಿಲ ಆಗತ್ತೆ ಸರ್, ಪಾತ್ರೆ ತಡೆಯಲ್ಲ," ಎಂದಳಂತೆ ಅಕ್ಕ.

"ಅತಿಥಿಗಳಿಗೆ ನಿಮ್ಮ ಪುಕ್ಕಲುತನ ತೋರಿಸ್ಲಾ? ಭಯ ಆದ್ರೆ ಹೋಗಿ ತಂಗಿ ಜೊತೆ ಆಲೂಗಡ್ಡೆ ಕರೀರಿ," ಎಂದಿರಂತೆ ನೀವು. ಸ್ಟೇನ್ ಕೈಯಿಂದಲೇ ಬಿಸಿ ಏರಿಸಿದಿರಿ.

ಉಕ್ಕಿನ ಪಾತ್ರೆ ಬುಸುಗುಟ್ಟತೊಡಗಿದಾಗ ಎಲ್ಲರೂ ಹೊರಗೋಡಿದರು. ಅಕ್ಕ ಮಾತ್ರ ಒಲೆ ಆರಿಸಲು ಒಳಗೋಡಿದಳು. ಮುಚ್ಚಳ ಹಾರಿತು. ಸುಡುವ ಕ್ಷಾರ ರಕ್ಷಣಾ ಕನ್ನಡಕದ ಸಂದಿನಿಂದ ಒಳಗಿಳಿಯಿತು.

"ಅನುಮತಿಯಿಲ್ಲದೆ ಒಲೆಯನ್ನು ಸಮೀಪಿಸಿದ್ದು ಆಕೆಯ ಅಜಾಗರೂಕತೆ" ಎಂದಿತು ನಿಮ್ಮ ವಿಚಾರಣೆ. ನೀವು ಹಚ್ಚಿದ್ದನ್ನು ಆರಿಸಲು ಅನುಮತಿ ಬೇಕಿತ್ತೇ? ಬೇಕಿದ್ದರೂ ಯಾರನ್ನು ಕೇಳಬೇಕಿತ್ತು? ತಾವು ಆಗಲೇ ವಾಹನಗಳು ನಿಲ್ಲುವ ಜಾಗ ತಲುಪಿದ್ದಿರಂತೆ. ನಿಮ್ಮ ವಯಸ್ಸಿನಲ್ಲಿ ಅಂಥ ಓಟ ಶ್ಲಾಘನೀಯ. ಈಗ ಅದೇ ಪಾಲಿಮರ್ ಹಾಕಿ, ಅವಳು ಹೇಳಿದ ಕಡಿಮೆ ಬಿಸಿಯಲ್ಲೇ ಹರಳು ಬೆಳೆಸುತ್ತಿದ್ದೀರಿ. ಸಭೆಗಳಲ್ಲಿ ಅದನ್ನು "ನಮ್ಮ ತಾಳ್ಮೆಯ ಫಲ" ಎನ್ನುತ್ತೀರಿ. ಹೇಳುವಾಗ ನಾಲಿಗೆ ಸ್ವಲ್ಪವೂ ತಡವರಿಸುವುದಿಲ್ಲವೇ?

ಕಳೆದ ವಾರ ನೀವು ನನ್ನ ಅಂಗಡಿಗೆ ಬಂದು ಅಕ್ಕನ ಯೋಗಕ್ಷೇಮ ಕೇಳಿದಿರಿ. ನಾನು ಉತ್ತರಿಸುವ ಮೊದಲೇ, "ಬೇಜಾರು ಮಾಡ್ಕೋಬೇಡಿ, ಸೂಕ್ಷ್ಮದರ್ಶಕ ನೋಡೋಕೆ ಹೇಗೂ ಒಂದೇ ಕಣ್ಣು ಸಾಕಲ್ವಾ!" ಎಂದಿರಿ. ನಿಮ್ಮ ಹಿಂದಿದ್ದವರು ಕರ್ತವ್ಯವೆಂಬಂತೆ ನಕ್ಕರು. ನನ್ನೆದುರು ಎಣ್ಣೆ ಕುದಿಯುತ್ತಿತ್ತು, ನಿರ್ದೇಶಕರೇ. ಕೈಯಲ್ಲಿ ಜಾಲರಿ ಸೌಟು ಹಿಡಿದು ನಿಮ್ಮ ನುಣ್ಣನೆಯ ಕೆನ್ನೆಯನ್ನು ಬಹಳ ಹೊತ್ತು ನೋಡಿದೆ. ಪರದೆಯ ಹಿಂದೆ ಅಕ್ಕ ಆಲೂಗಡ್ಡೆ ಸುಲಿಯುತ್ತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಕೊಟ್ಟು ಕಳಿಸೇ ಬೆರ್ಲಿಂಡ್, ತಣ್ಣಗಾಗತ್ತೆ," ಎಂದಳು.

ಕೊಟ್ಟು ಕಳಿಸಿದೆ. ನಿಮ್ಮ ಮುಖ ಉಳಿದದ್ದು ಅವಳಿಂದ.

ವಿಚಾರಣೆಯಲ್ಲಿ ಸ್ಟೇನ್ "ಏನೂ ನೋಡಲಿಲ್ಲ" ಎಂದಿದ್ದ. ನಿಮ್ಮ ಹಾಸ್ಯ ಅವನ ಕಿವಿಗೂ ಬಿತ್ತು. ನಿನ್ನೆ ರಾಜೀನಾಮೆ ಕೊಟ್ಟು ನೇರ ನಮ್ಮ ಮನೆಗೆ ಬಂದ. "ಏರಿಸಿದ್ದು ನನ್ನ ಕೈ, ಏರಿಸು ಅಂದಿದ್ದು ಅವರ ಬಾಯಿ. ಎಲ್ಲಿ ಬೇಕಾದ್ರೂ ಹೇಳ್ತೀನಿ, ನನ್ನ ಹೆಸರು ಹಾಕೇ ಬರೀರಿ," ಎಂದ. ಅಕ್ಕ ಅವನಿಗೆ ಕ್ಷಮೆ ಕೊಡಲಿಲ್ಲ, ಕಾಫಿ ಕೊಟ್ಟಳು.

ಆದ್ದರಿಂದ ವಿಚಾರಣೆಯನ್ನು ಮತ್ತೆ ತೆರೆಯಿರಿ, ಕಾರ್ಮಿಕರೆಲ್ಲರ ಎದುರು. ಬಿಸಿ ಏರಿಸಲು ಹೇಳಿದ್ದು ಯಾರೆಂದು ನಿಮ್ಮ ಬಾಯಿಂದಲೇ ಹೇಳಿ. ಅಕ್ಕ ಮೊದಲ ಸಾಲಿನಲ್ಲಿ ಕೂರುತ್ತಾಳೆ. ಅಂದು ಅವಳು ಆ ಎಡಗಣ್ಣಿಗೆ ಪಟ್ಟಿ ಕಟ್ಟಿಕೊಂಡು ಬರುವುದಿಲ್ಲ.

ಇಂತಿ,
ಇಷ್ಟು ದಿನ ನಿಮಗೆ ನಗುನಗುತ್ತಾ ಬಡಿಸಿದ
ಬೆರ್ಲಿಂಡ್ ಡಿಕ್ಲೆರ್ಕ್